ಇನ್ನೈದು ವರ್ಷದಲ್ಲಿ ಬರಲಿರುವ ಕಾಂಡಕೋಶದವರಿಗೆ

ಮಾನ್ಯ ಕಾಂಡಕೋಶ ಮಹಾಶಯರೇ,

ಡಾಕ್ಟರರ ಬಾಯಲ್ಲಿ ಸ್ಟೆಮ್ ಸೆಲ್ ಎಂದೂ ಪತ್ರಿಕೆಗಳಲ್ಲಿ ನಾಳಿನ ಸಂಜೀವಿನಿ ಎಂದೂ ಮೆರೆಯುತ್ತಿರುವ ತಮ್ಮ ಪಾದಗಳಿಗೆ, ಅವು ಇವೆಯೋ ಇಲ್ಲವೋ ತಿಳಿಯದಿದ್ದರೂ, ಪುಣೆಯಲ್ಲಿ ಹೋಟೆಲು ನಡೆಸುವ ಸಂಕಪ್ಪನ ಸಾಷ್ಟಾಂಗ ನಮಸ್ಕಾರಗಳು. ಪಾರ್ಕಿನ್ಸನ್ ಕಾಯಿಲೆಯಿಂದ ನನ್ನ ಬಲಗೈ ನಡುಗುವುದರಿಂದ ಈ ಪತ್ರವನ್ನು ಹೆಂಡತಿ ಉಮಾವತಿ ಬರೆಯುತ್ತಿದ್ದಾಳೆ; ಬೈಗುಳಗಳನ್ನು ಆಕೆಯೇ ತೆಗೆದುಹಾಕಿದ್ದಾಳೆ.

ಒಂಬತ್ತು ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದಾಗ, ತಾವು ಐದು ವರ್ಷದಲ್ಲಿ ಬರುತ್ತೀರಿ ಎಂದು ಡಾಕ್ಟರು ಹೇಳಿದರು. ಐದು ವರ್ಷ ಕಳೆದು ಕೇಳಿದಾಗಲೂ ಐದೇ ವರ್ಷ ಎಂದರು. ಇಷ್ಟು ಕದಲದೆ ನಿಂತ ಮಾತನ್ನು ನಾನು ಚುನಾವಣೆಯಲ್ಲೂ ಕೇಳಿಲ್ಲ. ಅಷ್ಟರಲ್ಲಿ ತಾವು ಎಷ್ಟೋ ಇಲಿಗಳನ್ನು ಗುಣಪಡಿಸಿದ್ದನ್ನು ಓದಿ ಸಂತೋಷಪಟ್ಟೆವು. ನಮ್ಮ ಅಡುಗೆಮನೆಯ ಇಲಿಗಳಿಗೆ ಈ ಕಾಯಿಲೆ ಬಂದರೆ ಭಯವಿಲ್ಲ. ಮನುಷ್ಯರ ಸರದಿಯಲ್ಲಿ ಮಾತ್ರ ಹಿಂದೊಮ್ಮೆ ಭ್ರೂಣದಿಂದ ತೆಗೆದ ತಮ್ಮ ಬಂಧುಕೋಶಗಳು ಮಿದುಳು ಹೊಕ್ಕು, ಕೆಲವರ ಕೈಕಾಲು ತಾವಾಗಿಯೇ ಕುಣಿಯುವಂತೆ ಮಾಡಿದರಂತೆ. ಈಗ ಕೆಲವರಿಗೆ ಗುಣ ಕಂಡಿದೆಯಂತೆ, ಆದರೆ ಇನ್ನೂ ದೊಡ್ಡ ಪರೀಕ್ಷೆ ಆಗಬೇಕಂತೆ.

ನನ್ನ ಕಷ್ಟ ಸಣ್ಣದು. ಗಲ್ಲಾದಲ್ಲಿ ಕೂತು ನಾನು ಬೆರಳೆತ್ತಿದಷ್ಟು ಚಹಾವನ್ನು ಒಳಗಿನವರು ಕಳಿಸುವುದು ಮೂವತ್ತು ವರ್ಷಗಳ ಪದ್ಧತಿ. ಈಗ ಎರಡು ತೋರಿಸಿದರೆ ನಡುಕದಲ್ಲಿ ಐದಾಗುತ್ತದೆ. ಗದರಿದರೆ ಚಹಾ ಮಾಡುವ ಭೀಮಣ್ಣ, ‘ನೀವ ಐದು ತೋರಿಸಿದ್ರಲ್ರಿ ಸಾವಕಾರ್ರ’ ಎನ್ನುತ್ತಿದ್ದ. ಮೊನ್ನೆಯಿಂದ ಅವನು ನನ್ನ ಕೈ ನೋಡುವುದನ್ನೇ ಬಿಟ್ಟು, ಗಿರಾಕಿಗಳ ತಲೆ ತಾನೇ ಎಣಿಸಿ ಚಹಾ ಕಳಿಸುತ್ತಿದ್ದಾನೆ. ಒಂದೂ ತಪ್ಪಾಗುತ್ತಿಲ್ಲ. ನಾನು ಮಾತ್ರ ಈಗಲೂ ಬೆರಳೆತ್ತುತ್ತಲೇ ಇದ್ದೇನೆ.

ತಮ್ಮನ್ನು ಈಗಲೇ ಸೂಜಿಯಲ್ಲಿ ಚುಚ್ಚಿಕೊಡುತ್ತೇವೆ ಎನ್ನುವವರೂ ಇಲ್ಲಿನ ಖರಾಡಿ ಬಡಾವಣೆಯ ಗಾಜಿನ ಕಟ್ಟಡವೊಂದರಲ್ಲಿ ಸಿಕ್ಕರು. ಅದೇ ಸೂಜಿ ಮಂಡಿನೋವಿಗೂ ಬೋಳುತಲೆಗೂ ಆಗುತ್ತದೆ ಎಂದು ಅವರು ಹೇಳಿದಾಗ ಉಮಾವತಿ ನನ್ನನ್ನು ಎಬ್ಬಿಸಿಕೊಂಡು ಬಂದಳು.

ಆದ್ದರಿಂದ, ಮಿದುಳಿನಲ್ಲಿ ನೆಲೆಸಲು ಇನ್ನೂ ಅನುಕೂಲವಾಗದಿದ್ದರೆ, ತಾವು ದಯವಿಟ್ಟು ನನ್ನ ಎರಡು ಬೆರಳುಗಳಲ್ಲಾದರೂ ಬಿಡಾರ ಹೂಡಬೇಕಾಗಿ ಪ್ರಾರ್ಥನೆ. ಬೆಳಗಿನ ಹೊತ್ತು ಇದ್ದರೆ ಸಾಕು, ತಿಂಡಿ ನಮ್ಮದೇ, ಸೋಮವಾರ ರಜೆ.

ತಮ್ಮ ವಿಶ್ವಾಸಿ ಹಾಗೂ ಖಾಯಂ ನಿರೀಕ್ಷಕ,
ಸಂಕಪ್ಪ

ವಿ.ಸೂ.: ಹೊಸ ಪ್ರಯೋಗಕ್ಕೆ ನನ್ನನ್ನು ಸೇರಿಸಿಕೊಳ್ಳಿರೆಂದು ಡಾಕ್ಟರರ ಮೂಲಕ ಅರ್ಜಿ ಹಾಕಿದ್ದೆ. ವಯಸ್ಸಿನ ಮಿತಿ ಒಂದು ವರ್ಷ ಮೀರಿದೆ ಎಂದು ಇವತ್ತು ಉತ್ತರ ಬಂದಿದೆ. ಆ ವಯಸ್ಸು ನನಗೆ ತಮಗಾಗಿ ಕಾಯುತ್ತಲೇ ಆದದ್ದೆಂದು ಅವರಿಗೆ ತಾವಾದರೂ ತಿಳಿಸಬೇಕು.