ಸಭಾಂಗಣದಲ್ಲಿ ಮೆಕ್ಕೆಜೋಳ ಒಣಹಾಕಿದ ಕುರಿತು

ಋತುಮಾನ ನಿರ್ವಹಣಾ ಇಲಾಖೆ
ಸಂಖ್ಯೆ: ಋನಿಇ/ಶರತ್/ತೇವ/17(ಅ)

ವಿಷಯ: ಶರತ್ಕಾಲದ ಹವೆಯಿಂದ ಬೆಳೆ ಮತ್ತು ಜಾನುವಾರುಗಳ ಮೇಲೆ, ಹಾಗೂ ಅವುಗಳಿಂದ ಈ ಕಚೇರಿಯ ಮೇಲೆ ಆಗಿರುವ ಪರಿಣಾಮ.

ಉಲ್ಲೇಖ: (1) ಇಲಾಖೆಯ ಫಲಕದಲ್ಲಿ ಬರೆಸಿದ್ದ ‘ಐದು ದಿನ ಒಣಹವೆ’.
(2) ಮರುದಿನದಿಂದ ನಾಲ್ಕು ದಿನ ಸುರಿದ ಮಳೆ.

ಉಲ್ಲೇಖ (1)ಕ್ಕೆ ಮೇಲಧಿಕಾರಿಗಳ ಅನುಮೋದನೆ ಇದ್ದು, ಉಲ್ಲೇಖ (2)ಕ್ಕೆ ಇರುವುದಿಲ್ಲ. ಆದ್ದರಿಂದ ತಪ್ಪು ಮಳೆಯದೇ ಎಂದು ತೀರ್ಮಾನಿಸಿ, ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಕಚೇರಿಯ ಹಿಂದಿನ ಹೊಲದ ಒಡತಿ, ಊರವರು ಹಾಲಿನಕ್ಕ ಎಂದು ಕರೆಯುವ ಮಹಿಳೆ, ಸದರಿ ಫಲಕವನ್ನು ಓದಿದ್ದಲ್ಲದೆ ನಂಬಿಯೂ ಇರುತ್ತಾರೆ. ಅದರಂತೆ ಮೆಕ್ಕೆಜೋಳ ಮುರಿಸಿ ಅಂಗಳದಲ್ಲಿ ಹರವಿರುತ್ತಾರೆ. ಮಳೆ ಹಿಡಿದು ಮೂರನೆಯ ದಿನ ತೆನೆಗಳು ಮೊಳಕೆಯೊಡೆಯತೊಡಗಿ, ಕೊಟ್ಟಿಗೆಗೆ ನೀರು ನುಗ್ಗಿ, ದಿನ ತುಂಬಿದ ಹಸು ಮೊಣಕಾಲುದ್ದ ಕೆಸರಿನಲ್ಲಿ ನಿಂತಿತ್ತೆಂದು ವರದಿಯಾಗಿದೆ. ಅಂದು ಭಾನುವಾರ. ಆಕೆ ಕಚೇರಿಯ ಬಾಗಿಲು ಬಡಿದಿದ್ದು, ಕಾವಲುಗಾರನು ತೆರೆದಿರುತ್ತಾನೆ.

2. ಸೋಮವಾರ ಅಧಿಕಾರಿಗಳು ಆಗಮಿಸಿದಾಗ ಸಭಾಂಗಣದ ಆರೂ ಫ್ಯಾನುಗಳು ತಿರುಗುತ್ತಿದ್ದು, ನೆಲದ ತುಂಬ ತೆನೆಗಳಿದ್ದವು. ಪಡಸಾಲೆಯಲ್ಲಿ ಹಸು ಆಗಷ್ಟೇ ಕರು ಹಾಕಿತ್ತು. ಯಾರ ಅಪ್ಪಣೆ ಪಡೆದಿರಿ ಎಂದು ವಿಚಾರಿಸಲಾಗಿ, ಸದರಿ ಮಹಿಳೆಯು ಕರುವಿನ ಮೈ ಒರೆಸುವುದನ್ನು ನಿಲ್ಲಿಸದೆ, “ನಿಮ್ಮ ಬೋರ್ಡು ನೋಡಿ ಕೊಯ್ದೆ ಸಾರ್, ನಿಮ್ಮ ಫ್ಯಾನಿನ ಕೆಳಗೇ ಒಣಗಲಿ ಬಿಡಿ” ಎಂದಿರುತ್ತಾರೆ. ಅಧಿಕಾರಿಗಳು ನಿಯಮಾವಳಿ ತರಿಸಿ ನೋಡಲಾಗಿ, ಇದಕ್ಕೆ ತಕ್ಕ ನಿಯಮ ಇರುವುದಿಲ್ಲ. ಆ ಕೊರತೆಯನ್ನು ಈ ಸುತ್ತೋಲೆ ನೀಗಿಸುತ್ತದೆ.

3. ಇನ್ನು ಮುಂದೆ ಮೋಡಗಳು ಏಳು ಕೆಲಸದ ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡತಕ್ಕದ್ದು.

4. ಇಬ್ಬನಿಯು ಕಚೇರಿ ವೇಳೆಯಲ್ಲಿ ಮಾತ್ರ ಬೀಳತಕ್ಕದ್ದು. ತೊಯ್ದ ಹುಲ್ಲು ಮೇಯ್ದು ಹೊಟ್ಟೆಯುಬ್ಬಿದ ದನಗಳು, ಉಬ್ಬುವ ಮುನ್ನ ನಮೂನೆ ಮೂರರಲ್ಲಿ ಅನುಮತಿ ಪಡೆದಿದ್ದವೇ ಎಂದು ಪರಿಶೀಲಿಸಲಾಗುವುದು.

5. ಹಗಲು ಕಿರಿದಾದ ನೆಪವೊಡ್ಡಿ ಮೊಟ್ಟೆ ಕಡಿಮೆ ಮಾಡಿರುವ ಕೋಳಿಗಳಿಂದ ವಿವರಣೆ ಕೇಳಲಾಗಿದೆ. ಹುಂಜಗಳ ಹೇಳಿಕೆಯನ್ನು ಪರಿಗಣಿಸಲಾಗದು.

6. ಮೊಳಕೆ ಬಂದ ತೆನೆಗಳನ್ನು ‘ಹಾನಿ’ ಎಂದು ದಾಖಲಿಸದೆ, ‘ಮುಂದಿನ ಸಾಲಿನ ಬಿತ್ತನೆಯಲ್ಲಿ ಸಾಧಿಸಿದ ಮುನ್ನಡೆ’ ಎಂದು ದಾಖಲಿಸತಕ್ಕದ್ದು. ಬೂಷ್ಟು ಹಿಡಿದವನ್ನು ‘ಹಸಿರು ವಲಯ’ದಲ್ಲಿ ಸೇರಿಸತಕ್ಕದ್ದು.

7. ಕಾವಲುಗಾರನಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿ, ಆತನು ಒಂದೇ ಸಾಲಿನ ಉತ್ತರ ಕೊಟ್ಟಿರುತ್ತಾನೆ: “ಹನ್ನೊಂದು ವರ್ಷದಲ್ಲಿ ಈ ಬಾಗಿಲು ಬಡಿದವರು ಅವರೊಬ್ಬರೇ, ಅದಕ್ಕೆ ತೆಗೆದೆ.” ಉತ್ತರವು ಸತ್ಯವಾಗಿದ್ದರೂ ತೃಪ್ತಿಕರವಾಗಿಲ್ಲ.

8. ನಾಲ್ಕು ದಿನಗಳಲ್ಲಿ ಮುಕ್ಕಾಲು ಪಾಲು ತೆನೆ ಒಣಗಿ ಉಳಿದಿದೆ. ಕರು ಹೆಣ್ಣು. ತಾಯಿ, ಮಗಳು ಕ್ಷೇಮ. ಇದನ್ನು ಈ ವರ್ಷ ಇಲಾಖೆಯಿಂದ ರೈತರಿಗಾದ ಏಕೈಕ ಉಪಕಾರವೆಂದು ಸಾಧನಾ ವರದಿಯಲ್ಲಿ ಸೇರಿಸಿ, ಅಧಿಕಾರಿಗಳಿಗೆ ಪ್ರಶಂಸಾಪತ್ರ ನೀಡಲಾಗಿದೆ. ಇದೇ ಕೃತ್ಯಕ್ಕಾಗಿ ಕಾವಲುಗಾರನ ಒಂದು ಬಡ್ತಿಯನ್ನು ತಡೆಹಿಡಿಯಲಾಗಿದೆ.

(ಸಹಿ)
ಋತುಮಾನ ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ನೆಗಡಿಯಿಂದ ರಜೆಯಲ್ಲಿದ್ದಾರೆ)

ಪ್ರತಿಗಳು:
1. ಕಾವಲುಗಾರನಿಗೆ, ಪಾಲಿಸಲು.
2. ಹಾಲಿನಕ್ಕನವರಿಗೆ. (ಹಾಲು ಕರೆಯುತ್ತಿದ್ದ ಕಾರಣ ಕೈಗೆ ತೆಗೆದುಕೊಂಡಿಲ್ಲ, ಗೂಟಕ್ಕೆ ಸಿಕ್ಕಿಸಿ ಬರಲಾಗಿದೆ. ಕರು ತಿಂದಿದೆ.)
3. ಈಗ ದಿನಾ ಬೆಳಗ್ಗೆ ಫಲಕ ಓದದೆ ಗೇಟಿನ ಬಳಿ ನಿಂತು “ಇವತ್ತು ಮಳೆ ಬರುತ್ತೇನಪ್ಪಾ?” ಎಂದು ಕಾವಲುಗಾರನನ್ನು ಕೇಳುವ ರೈತರೆಲ್ಲರಿಗೆ, ಎಚ್ಚರಿಕೆಯಾಗಿ.
4. ಅಧಿಕಾರಿಗಳ ಶ್ರೀಮತಿಯವರಿಗೆ. ಅವರೂ ಕಾವಲುಗಾರನನ್ನು ಕೇಳಿಯೇ ಬಟ್ಟೆ ಒಣಹಾಕುತ್ತಿರುವುದು ತಿಳಿದುಬಂದಿದೆ.