ಮಳವಳ್ಳಿಗೆ ಅರ್ಧ ದಿನ

ಮೂಲವ್ಯಾಧಿ, ಬೋಳು ತಲೆ, ಹೆಂಡತಿಯ ಹೆದರಿಕೆ, ಇವನ್ನೆಲ್ಲ ನಮ್ಮ ಜನ ನಾಲ್ವರ ಮುಂದೆ ಧಾರಾಳವಾಗಿ ಹೇಳಿಕೊಳ್ಳುತ್ತಾರೆ. ತನಗೆ ಹೊಟ್ಟೆಕಿಚ್ಚು ಇದೆಯೆಂದು ಹೇಳಿಕೊಂಡವರನ್ನು ಮಾತ್ರ ನಾನು ಕಂಡಿಲ್ಲ. ಅದು ಯಾವಾಗಲೂ ಪಕ್ಕದ ಮನೆಯವರಿಗೆ ಇರುವ ಕಾಯಿಲೆ. ನನಗೆ ಇದೆ. ಎದುರು ಮನೆಯವರ ಹಸು ಅರ್ಧ ಪಾವು ಹೆಚ್ಚು ಹಾಲು ಕೊಟ್ಟಿತೆಂದು ಕೇಳಿದರೆ ನನ್ನ ಬಾಯಿ ಕಹಿಯಾಗುತ್ತದೆ. ನಮ್ಮ ಮನೆಗೆ ಹಾಲು ಬರುವುದು ಅದೇ ಹಸುವಿನಿಂದ. ಈಗ ಬರೆಯಹೊರಟಿರುವ ಸಂಗತಿಯನ್ನು ನಾನು ಹತ್ತಾರು ಜನಕ್ಕೆ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಹೇಳುತ್ತ ಹೇಳುತ್ತ ಅದು ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿದೆ. ಅಷ್ಟು ನುಣ್ಣಗಿರುವ ನೆನಪು ನಿಜವಾಗಿರಲಾರದು ಎಂಬ ಅನುಮಾನದಿಂದ ಈ ಸಲ ಕಾಗದದ ಮೇಲೆ, ಅಲ್ಲಲ್ಲಿ ತಡವರಿಸುತ್ತಲೇ ಬರೆಯುತ್ತಿದ್ದೇನೆ.

ಮಂಡ್ಯದ ನಮ್ಮ ಕಚೇರಿಯಲ್ಲಿ ಬಿ.ಎ. ಆದ ಗುಮಾಸ್ತರು ಇಬ್ಬರೇ. ನಾನು, ಮತ್ತು ದುದ್ದದ ಕಡೆಯ ಬೋರೇಗೌಡ. ಇಬ್ಬರ ಮೇಜೂ ಅಕ್ಕಪಕ್ಕ. ಕಿಟಕಿ ಮಾತ್ರ ಅವನ ಕಡೆಗಿತ್ತು. ನಾಲೆಯಲ್ಲಿ ನೀರು ಬಂದು, ಊರ ಸುತ್ತ ಕಬ್ಬು ಎದ್ದು, ಕಂಡಕಂಡವರೆಲ್ಲ ವ್ಯಾಪಾರದ ಮಾತಾಡುತ್ತಿದ್ದ ಕಾಲ ಅದು. ಮುಂಬಯಿಯಲ್ಲಿ ವ್ಯಾಪಾರವನ್ನೇ ಪಾಠ ಹೇಳಿಕೊಡುವ ಕಾಲೇಜು ಇದೆಯೆಂದೂ, ಎರಡು ವರ್ಷ ಓದಿ ಬಂದವನು ಗುಮಾಸ್ತನಾಗಿ ಉಳಿಯುವುದಿಲ್ಲವೆಂದೂ ನಮ್ಮ ಸಾಹೇಬರೇ ಒಂದು ದಿನ ಹೇಳಿದರು. ನಾವಿಬ್ಬರೂ ಒಟ್ಟಿಗೇ ಎದ್ದು ನಿಂತೆವು. ಸಾಹೇಬರು ಕನ್ನಡಕ ತೆಗೆದು, "ಎರಡು ವರ್ಷದ ರಜ ಕೊಟ್ಟು ಕೆಲಸ ಹಾಗೇ ಉಳಿಸೋದು ಒಬ್ಬರಿಗೆ ಮಾತ್ರ. ಯಾರು ಮೊದಲು ಸೀಟಿನ ಕಾಗದ ತಂದು ಈ ಮೇಜಿನ ಮೇಲೆ ಇಡ್ತೀರೋ ಅವರಿಗೆ. ಇಬ್ಬರನ್ನೂ ಕಳಿಸಿ ನಾನು ಇಲ್ಲಿ ಟಪ್ಪಾಲು ಬರೀತಾ ಕೂತ್ಕೊಳ್ಳಲಾ?" ಎಂದರು. ಮುಂದಿನ ವರ್ಷ ಅವರು ನಿವೃತ್ತರಾಗುವವರಿದ್ದರು. ಅವರ ನಂತರ ಬರುವವರು ರಜ ಎಂಬ ಮಾತಿಗೇ ಸಿಡುಕುವವರೆಂದು ಕೇಳಿದ್ದೆವು. ಅಂದರೆ ಇರುವುದು ಒಂದೇ ಬಾಗಿಲು, ಒಬ್ಬನೇ ದಾಟುವಷ್ಟು ಅಗಲ.

ನಾನು ಹೊಸ ಕಾಲದ ಮನುಷ್ಯ. ಪಂಚಾಂಗ ನೋಡುವವನಲ್ಲ. ಗೋಡೆಯಲ್ಲಿ ತೂಗುವ ಇಂಗ್ಲಿಷ್ ಕ್ಯಾಲೆಂಡರಿನಿಂದ ದಿನಗಳನ್ನು ಎತ್ತಿಕೊಂಡು, ದೊಡ್ಡ ಹಾಳೆಯೊಂದರಲ್ಲಿ ಕೆಂಪು, ನೀಲಿ ಎರಡು ಮಸಿಯಲ್ಲಿ ವೇಳಾಪಟ್ಟಿ ಬರೆದೆ. ಅರ್ಜಿ ಮುಂಬಯಿ ಸೇರಬೇಕಾದ ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದೆ. ಅಂಚೆಗೆ ಐದು ದಿನ. ಸರ್ಟಿಫಿಕೇಟಿನ ನಕಲಿಗೆ ಅಮಲ್ದಾರರ ರುಜು ಬೀಳುವುದಕ್ಕೆ ಎಂಟು ದಿನ, ಏಕೆಂದರೆ ಅವರು ಸರ್ಕೀಟಿನಲ್ಲಿರುತ್ತಾರೆ. ಡಾಕ್ಟರ ಪತ್ರಕ್ಕೆ ಆರು ದಿನ, ಏಕೆಂದರೆ ಅವರು ಇದ್ದರೂ ಇಲ್ಲವೆನ್ನಿಸುತ್ತಾರೆ. ಮದ್ದೂರಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವುದಕ್ಕೆ ನಾಲ್ಕು ದಿನ, ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದರೆ ಇರಲಿ ಎಂದು ಇನ್ನೂ ಮೂರು. ಜಗತ್ತಿನ ಸೋಮಾರಿತನಕ್ಕೆಲ್ಲ ನನ್ನ ಹಾಳೆಯಲ್ಲಿ ಜಾಗವಿತ್ತು. ಇಷ್ಟೆಲ್ಲ ಆದಮೇಲೆ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, "ಮಳವಳ್ಳಿಯಿಂದ ಸರ್ಟಿಫಿಕೇಟು: ಅರ್ಧ ದಿನ" ಎಂದು ಬರೆದೆ. ಅದು ನನ್ನದೇ ಬಿ.ಎ. ಸರ್ಟಿಫಿಕೇಟು, ಇದ್ದದ್ದು ಮಾವನ ಮನೆಯಲ್ಲಿ. ಅದಕ್ಕೆ ಯಾರ ಕಾಲು ಹಿಡಿಯಬೇಕು?

ಅದು ಅಲ್ಲಿಗೆ ಹೋದದ್ದು ಹೀಗೆ. ಆ ಬೇಸಗೆಯಲ್ಲಿ ನನ್ನ ಮದುವೆಯಾಗಿತ್ತು. ನಮ್ಮ ಮಾವನವರು ನಿವೃತ್ತ ಉಪಾಧ್ಯಾಯರು. ಅಳಿಯ ಬಿ.ಎ. ಎಂದರೆ ನೆಂಟರು ನಂಬುತ್ತಿಲ್ಲವೆಂದು ಸರ್ಟಿಫಿಕೇಟನ್ನೇ ಕೇಳಿ ತೆಗೆದುಕೊಂಡು ಹೋಗಿ, ಗಾಜು ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದರು. ಅತ್ತೆಯವರು ಪೂಜೆ ಮಾಡುವಾಗ ಅದಕ್ಕೂ ಒಂದು ಹೂ ಇಡುತ್ತಿದ್ದರಂತೆ. ನನಗೆ ಇದರಿಂದ ಬೇಸರವಾಗಿತ್ತೆಂದು ಎಲ್ಲರಿಗೂ ಹೇಳಿದ್ದೇನೆ. ಆಗಿರಲಿಲ್ಲ.

ಬೋರೇಗೌಡ ಬಂದು ನನ್ನ ವೇಳಾಪಟ್ಟಿಯ ಮುಂದೆ ಬಹಳ ಹೊತ್ತು ನಿಂತ. "ಎಷ್ಟ್ ಚೆಂದಾಗ್ ಬರ್ದಿದ್ದೀರಿ ಸ್ವಾಮಿ, ನಾನೂ ಇಂಗೇ ಮಾಡ್ತೀನಿ," ಎಂದ. ಅವನು ಹಾಳೆ ಬರೆಯಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಮುಂದೆಯೂ ಹೋಗಿ ಸುಮ್ಮನೆ ನಿಂತ. ಡಾಕ್ಟರು ಇಲ್ಲವೆಂದರೆ ಬರುವ ತನಕ ಕೂತ. ಅಮಲ್ದಾರರು ಸರ್ಕೀಟು ಹೋದರೆ ಅದೇ ಊರಿಗೆ ಹೋಗಿ, ಆಲದ ಮರದ ಕೆಳಗೆ ರುಜು ಹಾಕಿಸಿಕೊಂಡು ಬಂದ. ನನ್ನ ಹಾಳೆಯಲ್ಲಿ ಡಾಕ್ಟರ ಗುರುತು ಬೀಳುವ ಹೊತ್ತಿಗೆ ಅವನ ಅರ್ಜಿ ಅಂಚೆಗೆ ಬಿದ್ದಿತ್ತು. ಅವನು ಮದ್ದೂರಿನಲ್ಲಿ ತೆಗೆಸಿದ್ದ ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಅದರ ದೊಡ್ಡ ಪ್ರತಿಯೊಂದಕ್ಕೆ ಚೌಕಟ್ಟು ಹಾಕಿಸಲು ಕೊಟ್ಟಿರುವುದಾಗಿ ಹೇಳಿದ. ನನ್ನ ಫೋಟೋದಲ್ಲಿ, ಎರಡನೆಯ ಸಲವೂ, ಒಂದು ಕಣ್ಣು ಮುಚ್ಚಿತ್ತು.

ಕೊನೆಗೆ ಅರ್ಧ ದಿನ ರಜ ಹಾಕಿ ಮದ್ದೂರಿನ ಮೇಲೆ ಮಳವಳ್ಳಿಗೆ ಬಸ್ಸು ಹತ್ತಿದೆ. ಮಾವನ ಮನೆಯ ಮೆಟ್ಟಿಲಿನ ಮೇಲೆ ಕಾಲಿಡುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದವರು ಅತ್ತೆ. ಅದು ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯುವಂತಿಲ್ಲ. ನನ್ನ ಹೆಂಡತಿ ಹದಿನೈದು ದಿನದ ಹಿಂದೆ ತವರಿಗೆ ಹೋದದ್ದೇ ಆ ಕಾರಣಕ್ಕೆ. ಅವಳನ್ನು ಬಸ್ಸು ಹತ್ತಿಸಿದವನೇ ನಾನು. ಹಾಗಿದ್ದೂ ಆ ಆಷಾಢ ನನ್ನ ಕ್ಯಾಲೆಂಡರಿಗೂ ಸಂಬಂಧಪಟ್ಟದ್ದೆಂದು ನನಗೆ ಹೊಳೆದಿರಲಿಲ್ಲ. ಮಾವನವರು ಹಿತ್ತಲಿನಿಂದ ಸುತ್ತಿಕೊಂಡು ಬಂದು, ಬೀದಿಯಲ್ಲೇ ನನಗೆ ನೀರು ಕೊಟ್ಟು, ನನ್ನ ಬೇಡಿಕೆಯನ್ನು ಕಿಟಕಿಯ ಒಳಕ್ಕೆ ದಾಟಿಸಿದರು.

ಒಳಗಿನಿಂದ ಅತ್ತೆಯವರ ದನಿ ಬಂತು: "ದೇವರ ಸಾಲಿನಲ್ಲಿ ಇರೋ ಪಟ ಕಣಮ್ಮ. ಆಷಾಢದಲ್ಲಿ ಅಳಿಯಂದಿರ ಕೈಗೆ ಹೆಂಗೆ ಕೊಡೋದು? ಬೇರೆ ಯಾರಾದರೂ ಬಂದರೆ ಕೊಡೋಣ. ಇಲ್ಲ ಶ್ರಾವಣಕ್ಕೆ ಅವರೇ ಬರಲಿ. ಅಷ್ಟರಲ್ಲಿ ಮುಂಬಯಿ ಎಲ್ಲಿಗೂ ಓಡಿಹೋಗಲ್ಲ ಅಂತ ಹೇಳು." ಇದು ನನ್ನ ಹೆಂಡತಿಗೆ ಹೇಳಿದ್ದು, ನನಗೆ ಕೇಳಲೆಂದು. ಹೆಂಡತಿ ನಕ್ಕ ಹಾಗೆ ಕೇಳಿಸಿತು. ಅಳುತ್ತಿದ್ದೆನೆಂದು ಅವಳು ಹೇಳುತ್ತಾಳೆ. ಹತ್ತು ಮಾರು ದೂರದಿಂದ ಎರಡೂ ಒಂದೇ ಥರ ಕೇಳಿಸುತ್ತವೆ.

ಮಾರನೆಯ ದಿನ ಬೋರೇಗೌಡ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ಅವನಿಗೆ ಮದುವೆಯಾಗಿ ಎಂಟು ವರ್ಷ, ಮೂರು ಮಕ್ಕಳು; ಆಷಾಢ ಅವನನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಹಳೆಯ ಮದುವೆಯ ಮೇಲೂ ನನಗೆ ಆಗ ಕರುಬು ಬಂತು.

"ಬಂಡೂರ್‌ಗೆ ಅಕ್ಕನ್ ಮನೆಗ್ ಓಯ್ತಾ ಇವ್ನಿ ಸ್ವಾಮಿ, ಭಾನ್ವಾರ. ಮಳವಳ್ಳಿ ಮೇಲೇ ಬರ್ಬೇಕು. ನಾನೇ ಈಸ್ಕೊಂಡ್ ಬತ್ತೀನಿ ಬುಡಿ. ನಿಮ್ ಪಟ್ಟಿ ನೋಡ್ಕೊಂಡೇ ಅಲ್ವಾ ನಾನ್ ಅರ್ಜಿ ಆಕಿದ್ದು? ಇಬ್ರೂ ಆಕಾಣ, ಯಾರ್ಗ್ ಬಂದ್ರೂ ಸರಿ," ಎಂದ.

ಒಬ್ಬನ ಕೈಗೆ ನನ್ನ ಸರ್ಟಿಫಿಕೇಟು ಕೊಡಬಾರದೆಂದಿದ್ದರೆ ಅದು ಇವನ ಕೈಗೆ, ಎಂದು ನನ್ನ ಮನಸ್ಸು ಹೇಳಿತು. ಬಸ್ಸಿನಲ್ಲಿ ಮರೆಯುತ್ತಾನೆ, ಗಾಜು ಒಡೆಯುತ್ತಾನೆ, ಬಂಡೂರಿನ ಕುರಿ ತಿಂದುಬಿಟ್ಟಿತು ಎನ್ನುತ್ತಾನೆ. ಬೇಡ, ಮಾವನವರೇ ಅಂಚೆಯಲ್ಲಿ ಕಳಿಸುತ್ತಾರೆ ಎಂದು ಸುಳ್ಳು ಹೇಳಿದೆ. ಅಂಚೆಯಲ್ಲಿ ಕಳಿಸಿ ಎಂದು ಮಾವನವರಿಗೆ ಬರೆಯಲಿಲ್ಲವೇಕೆ ಎಂದು ಓದುಗರು ಕೇಳಬಹುದು. ಸುಳ್ಳು ಹೇಳಿದ ತೃಪ್ತಿಯಲ್ಲಿ ಅದೇ ಸುಳ್ಳು ಒಳ್ಳೆಯ ಉಪಾಯವೂ ಹೌದೆಂದು ತೋಚಲಿಲ್ಲ.

ಸೋಮವಾರ ಕಚೇರಿಗೆ ಬಂದಾಗ ಬೋರೇಗೌಡನ ಕೈಯಲ್ಲಿ ಪಂಚೆಯಲ್ಲಿ ಸುತ್ತಿದ ಗಂಟೊಂದಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟ. ಮುಟ್ಟಿ ನೋಡಿದೆ: ಚೌಕಟ್ಟು, ಗಾಜು. ಮದ್ದೂರಿನ ಫೋಟೋ, ನನಗೆ ತೋರಿಸಿ ಮೆರೆಯಲು ತಂದಿದ್ದಾನೆ, ಎಂದುಕೊಂಡೆ. ಆಗ ಅವನು ಏನು ಹೇಳಿದ ಎಂಬುದೇ ಈ ಸಂಗತಿಯಲ್ಲಿ ನನಗೆ ಬಹಳ ತೊಡಕಿನ ಜಾಗ. ಏನೂ ಹೇಳಲಿಲ್ಲ ಎಂದು ಮೂರು ವರ್ಷದಿಂದ ಹೇಳುತ್ತ ಬಂದಿದ್ದೇನೆ. "ನಿಮ್ದೇಯಾ ಸ್ವಾಮಿ, ಬಿಚ್ಚಿ ನೋಡ್ಕಳಿ," ಎಂದನೆಂದು ತೋರುತ್ತದೆ. "ನಿಮ್ದೇಯಾ" ಎಂಬುದು ಕಿವಿಗೆ ಬಿದ್ದಿತ್ತು. ಫೋಟೋ ನನಗೇ ಕಾಣಿಕೆ ಕೊಡುವಷ್ಟು ಕೊಬ್ಬು ಬಂದಿದೆ ಇವನಿಗೆ, ಎಂದು ಅದಕ್ಕೆ ಅರ್ಥ ಮಾಡಿಕೊಂಡೆ. ಆಮೇಲೆ ನೋಡುತ್ತೇನೆಂದು ಹೇಳಿ ಗಂಟನ್ನು ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಐದು ಅಂಚೆಗೆ, ಅಮಲ್ದಾರರು ಆ ವಾರ ಊರಿನಲ್ಲೇ ಇದ್ದರು.

ನನ್ನ ಅರ್ಜಿ ಹೊರಡಲೇ ಇಲ್ಲ; ಬೋರೇಗೌಡನ ಸೀಟಿನ ಕಾಗದ ಸಾಹೇಬರ ಮೇಜು ಸೇರಿತು. ಹೊರಡುವ ದಿನ ಬೋರೇಗೌಡ ಎಲ್ಲರ ಕೈ ಹಿಡಿದು ಕೊನೆಗೆ ನನ್ನ ಹತ್ತಿರ ಬಂದ. "ನಿಮ್ಮ್ ಅರ್ಜಿ ಏನಾಯ್ತು ಸ್ವಾಮಿ? ನೀವ್ ಬ್ಯಾಡ ಅಂದ್ರೂ ದಾರೀಲೇ ಅಲ್ವಾ ಅಂತ ಓಗಿದ್ದೆ. ನಿಮ್ಮತ್ತೆಯೋರು ಪಾಪ, ಪಟ ಇಳ್ಸಿ, ಅರ್ಸ್ನ ಕುಂಕ್ಮ ಇಟ್ಟು ಕೊಟ್ರು. ನನ್ ಪಂಚೆ ಇದ್ರೆ ಕೊಡಿ, ಮುಂಬಯಿಗ್ ಬೇಕಾಯ್ತದೆ," ಎಂದ.

ಬೀರುವಿನ ಹಿಂದಿನಿಂದ ಗಂಟನ್ನು ಎತ್ತಿ, ಬಿಚ್ಚಿ, ಪಂಚೆ ಮಡಿಸಿ ಕೊಟ್ಟೆ. ಗಾಜು ಒಡೆದಿರಲಿಲ್ಲ. ಅವನು ಒಮ್ಮೆ ಪಟ ನೋಡಿದ, ಒಮ್ಮೆ ಬೀರು ನೋಡಿದ, ಏನೂ ಕೇಳಲಿಲ್ಲ. ಕೇಳಿದ್ದರೆ ಒಂದು ಸುಳ್ಳಾದರೂ ಹೇಳಬಹುದಿತ್ತು.

ಈಗ ಅವನು ಓದಿ ಮುಗಿಸಿ ಬಂದು ಸಾಹೇಬರ ಕೋಣೆಯ ಪಕ್ಕದ ಕೋಣೆಯಲ್ಲಿ ಕೂರುತ್ತಾನೆ. ಅಲ್ಲಿ ಎರಡು ಕಿಟಕಿ. ನನ್ನ ಮುಂಬಯಿ ತಪ್ಪಿದ್ದು ಆಷಾಢದಿಂದ ಎಂದು ಮಾವನ ಮನೆಯಲ್ಲೆಲ್ಲ ನಂಬಿದ್ದಾರೆ. ಪಟ ಕಳಿಸಿದ್ದು ತಡವಾಯಿತೆಂದು ಅತ್ತೆಯವರು ಇವತ್ತಿಗೂ ನೊಂದುಕೊಳ್ಳುತ್ತಾರೆ. ನಾನು ಮಳವಳ್ಳಿಗೆ ಹೋದಾಗಲೆಲ್ಲ ಆ ತಪ್ಪಿಗೆ ಒಬ್ಬಟ್ಟು ಮಾಡಿ, ಎದುರಿಗೆ ಕೂತು ಬಡಿಸುತ್ತಾರೆ. ಪ್ರತಿ ಸಲವೂ ನಿಜ ಹೇಳಿಬಿಡಬೇಕೆಂದೇ ಎಲೆಯ ಮುಂದೆ ಕೂರುತ್ತೇನೆ. ಅಷ್ಟರಲ್ಲಿ ಅವರು ತುಪ್ಪದ ಗಿಂಡಿ ಎತ್ತುತ್ತಾರೆ. ಹೋಗಲಿ ಬಿಡಿ, ಆದದ್ದಾಯಿತು ಎಂದು ದೊಡ್ಡ ಮನಸ್ಸು ಮಾಡಿ, ಇನ್ನೊಂದು ಹಾಕಿಸಿಕೊಳ್ಳುತ್ತೇನೆ.