ಮುದ್ದೆ ಕೋಲು ಗುಲ್ಬರ್ಗಕ್ಕೆ ಹೋದದ್ದು

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಜೀವಮಾನದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಬೇಕಾದರೆ ಅವರನ್ನೇ ಕೇಳಬಹುದಿತ್ತು! ಕೊಡೆ ಮರೆತು ನೆನೆದರೆ ಅದು ಮೋಡದ ತಪ್ಪು. ಕೈಗಡಿಯಾರ ನಿಂತರೆ ಅದನ್ನು ಕೊಟ್ಟ ಮಾವನ ತಪ್ಪು. ಇಂಥವರ ಜೊತೆ ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ನಾನು ಶ್ರೀನಿವಾಸಪುರದಿಂದ ಗುಲ್ಬರ್ಗದವರೆಗೆ ಹೋಗಿಬಂದೆ. ಆ ಸುಸ್ತು ಇನ್ನೂ ಪೂರ್ತಿ ಇಳಿದಿಲ್ಲ.

ಹೋಗಿದ್ದು ನಾಲ್ವರು ಹುಡುಗಿಯರನ್ನು ರಾಜ್ಯಮಟ್ಟದ ರಿಲೇಯಲ್ಲಿ ಓಡಿಸಲು. ಹೆಣ್ಣುಮಕ್ಕಳ ಜೊತೆ ಒಬ್ಬ ಟೀಚರಮ್ಮ ಇರಲೇಬೇಕೆಂದು ಹೆಡ್ ಮೇಷ್ಟ್ರು ನನ್ನನ್ನು ಹಿಡಿದರು. ನನಗೋ, ಬಸ್ಸನ್ನು ದೂರದಿಂದ ನೋಡಿದರೂ ತಲೆ ಸುತ್ತುತ್ತದೆ!

ರಿಲೇಗೆ ಕೈಯಿಂದ ಕೈಗೆ ದಾಟಿಸುವ ಕೋಲು ಬೇಕಲ್ಲ, ನಮ್ಮ ಶಾಲೆಯಲ್ಲಿ ಅದಿರಲಿಲ್ಲ. ಮೇಷ್ಟ್ರು ತಮ್ಮ ಮನೆಯಲ್ಲಿ ರಾಗಿ ಮುದ್ದೆ ತೊಳಸುವ ಮುದ್ದೆ ಕೋಲನ್ನೇ ತಂದಿದ್ದರು. ವರ್ಷವಿಡೀ ಹುಡುಗಿಯರು ಅದರಲ್ಲೇ ಅಭ್ಯಾಸ ಮಾಡಿದರು. ಸಂಜೆ ಕೋಲು ಮನೆಗೆ ಬರುವವರೆಗೂ ಅವರ ಹೆಂಡತಿ ಒಲೆಯ ಮೇಲೆ ಎಸರಿಡುವಂತಿರಲಿಲ್ಲ. ಬಾಗಿಲಲ್ಲಿ ನಿಂತು ಆಕೆ ದಿನವೂ ಕೇಳುತ್ತಿದ್ದುದು ಒಂದೇ, ಇವತ್ತು ಉಣ್ಣುತ್ತೀರೋ ಓಡುತ್ತೀರೋ ಅಂತ. ಕೋಲಾರದ ಜಿಲ್ಲಾ ಸ್ಪರ್ಧೆಗೆ ಅವರವರ ಕೋಲು ಅವರವರೇ ತರಬೇಕಿತ್ತು. ನಾವು ಮುದ್ದೆ ಕೋಲಿನಲ್ಲೇ ಗೆದ್ದುಬಿಟ್ಟೆವು. ಅಲ್ಲಿಗೆ ಮೇಷ್ಟ್ರನ್ನು ಹಿಡಿಯುವವರಿಲ್ಲ.

ನಾಲ್ವರಲ್ಲಿ ಕೊನೆಗೆ ಓಡುವವಳು ಯಲ್ದೂರಿನ ನರಸಮ್ಮ. ಅವಳ ಅಪ್ಪ ರೇಷ್ಮೆ ಹುಳು ಸಾಕುವವರು. ಗೆದ್ದು ಬಂದರೆ ಶಾಲೆ, ಸೋತು ಬಂದರೆ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಕೆಲಸ ಎಂದು ಹೇಳಿಯೇ ಕಳಿಸಿದ್ದರು.

ಹೊರಟ ಗಳಿಗೆ ಎಂಥದ್ದೋ! ಕೋಲಾರದ ಬಸ್ಸೆಂದು ಮೇಷ್ಟ್ರು ನಮ್ಮನ್ನೆಲ್ಲ ಮುಳಬಾಗಿಲಿನ ಬಸ್ಸಿಗೆ ಹತ್ತಿಸಿದರು. ಊರು ದಾಟಿದ ಮೇಲೆ ಕಂಡಕ್ಟರ್ ಹೇಳಿದಾಗ ಒಂದಿಷ್ಟೂ ಅಳುಕಲಿಲ್ಲ.

"ಮುಳಬಾಗಿಲ ಗಾಳಿ ಕಾಲಿಗೆ ಒಳ್ಳೇದು ಟೀಚರ್. ಬೇಕಂತಲೇ ಈ ಕಡೆ ಬಂದಿದ್ದು," ಎಂದರು.

ಕಾಲಿನ ಮಾತು ಹಾಗಿರಲಿ, ನನ್ನ ಹೊಟ್ಟೆಗೆ ಆ ಗಾಳಿ ಆಗಿಬರಲಿಲ್ಲ. ಕಿಟಕಿಗೆ ತಲೆ ಕೊಟ್ಟವಳು ಕೋಲಾರದವರೆಗೂ ಎತ್ತಲಿಲ್ಲ. ಬೆಂಗಳೂರಿನಲ್ಲಿ ರೈಲು ಹತ್ತಿದ ಮೇಲಾದರೂ ಬೆನ್ನು ನೆಟ್ಟಗಾದೀತೆಂದುಕೊಂಡರೆ, ಮೇಷ್ಟ್ರು ಓಟಗಾರರ ಕಾಲು ಜೋಮು ಹಿಡಿಯಬಾರದೆಂದು ಪ್ರತಿ ಸ್ಟೇಷನ್ನಿನಲ್ಲೂ ನಮ್ಮನ್ನು ಇಳಿಸಿ ಪ್ಲಾಟ್‌ಫಾರಮ್ಮಿನಲ್ಲಿ ಕುಣಿಸಿದರು. ನನ್ನನ್ನೂ! ನಾನೇನು ಓಡುವವಳೇ? ಒಂದು ಕಡೆ ಸೀಟಿ ಊದಿಯೇಬಿಟ್ಟರು. ಅದನ್ನು ಕೇಳಿ ರೈಲು ಹೊರಟುಬಿಟ್ಟಿತೆಂದು ಸಹಪ್ರಯಾಣಿಕರು ಚಹದ ಲೋಟ ಬಿಟ್ಟು ಓಡಿಬಂದರು. ಅವರ ಬೈಗುಳವನ್ನೆಲ್ಲ ತಿಂದವಳು ನಾನು. ಮೇಷ್ಟ್ರು ಮಾತ್ರ, ಜನಕ್ಕೆ ಕಿವಿ ಸರಿಯಿಲ್ಲ ಎಂದು ತೀರ್ಪು ಕೊಟ್ಟು ಮಲಗಿದರು.

ಗುಲ್ಬರ್ಗದ ಮೈದಾನದಲ್ಲಿ ಕೋಲನ್ನು ಸ್ಪರ್ಧೆ ನಡೆಸುವವರೇ ಕೊಟ್ಟರು. ತಗಡಿನದು, ನುಣುಪಾದದ್ದು, ಗೇಣುದ್ದದ್ದು. ನಮ್ಮದೋ ಮೊಳದುದ್ದದ ಮರ. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, ಕೋಲು ಅಂದರೆ ಕೋಲೇ ಎಂದರು. ಮೂರನೆಯವಳು ಎಲ್ಲರಿಗಿಂತ ಮುಂದೆ ಓಡಿಬಂದು ಕೈ ಚಾಚಿದಳು. ನರಸಮ್ಮ ಅಭ್ಯಾಸಬಲದಿಂದ ಮುದ್ದೆ ಕೋಲಿನ ತುದಿ ಇರಬೇಕಾದ ಜಾಗಕ್ಕೆ ಕೈ ಹಾಕಿದಳು. ಅಲ್ಲಿ ಬರೀ ಗಾಳಿ ಇತ್ತು. ಕೋಲು ಠಣಕ್ಕನೆ ಬಿತ್ತು. ಎತ್ತಿಕೊಂಡು ಓಡಿದಳು, ಎಲ್ಲರಿಗಿಂತ ಹಿಂದೆ, ಅಳುತ್ತಲೇ.

ವಾಪಸ್ಸು ಬರುವಾಗ ಮೇಷ್ಟ್ರು ಯಾವ ಸ್ಟೇಷನ್ನಿನಲ್ಲೂ ಯಾರನ್ನೂ ಇಳಿಸಲಿಲ್ಲ. ಇನ್ನು ಇದು ಯಾರ ತಪ್ಪಾಗುತ್ತದೋ, ತಗಡಿನದೋ ಹುಡುಗಿಯದೋ ಎಂದು ನಾನು ಕಾಯುತ್ತಲೇ ಇದ್ದೆ.

ಯಲ್ದೂರಿನಲ್ಲಿ ನರಸಮ್ಮನ ಅಪ್ಪ ಬಾಗಿಲಲ್ಲೇ ಕೂತಿದ್ದರು. ಮಗಳ ಮುಖ ನೋಡುತ್ತಲೇ ಅವರಿಗೆ ತಿಳಿದುಹೋಯಿತು. ಸೊಪ್ಪಿನ ಕುಕ್ಕೆಯನ್ನು ಅವಳ ಮುಂದೆ ಸರಿಸಿದರು. ಮೇಷ್ಟ್ರು ಚೀಲದಿಂದ ಮುದ್ದೆ ಕೋಲು ತೆಗೆದು ಅವರ ಕೈಗಿಟ್ಟರು.

"ತಪ್ಪು ನಾದೇನಯ್ಯಾ," ಎಂದರು ಆ ಮನೆಯ ಮಾತಾದ ತೆಲುಗಿನಲ್ಲಿ, ತಪ್ಪು ನನ್ನದೇ ಕಣಯ್ಯಾ ಅಂತ. ಆಮೇಲೆ ಕನ್ನಡದಲ್ಲೇ ಮುಂದುವರಿಸಿದರು. "ವರ್ಷವೆಲ್ಲ ಇದ್ರಲ್ಲಿ ಕಲಿಸ್ದೋನು ನಾನು. ಅವರು ಬೇರೆ ಕೋಲು ಕೊಟ್ರು. ಹುಡುಗಿ ಸೋಲ್ಲಿಲ್ಲ, ನಾನು ಸೋತೆ. ಕುಯ್ಯೋದಿದ್ರೆ ನಾನ್ ಬಂದು ಸೊಪ್ಪು ಕುಯ್ತೀನಿ. ಅವಳನ್ನ ಕಳಿಸು."

ಅಪ್ಪ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಹಿಂದಕ್ಕೆ ಕೊಟ್ಟು, ಮೊದಲು ಮನೇಲಿ ಮುದ್ದೆ ಮಾಡಿಸ್ಕೊಂಡು ಉಣ್ಣಿ ಸಾರ್, ಸೋಮವಾರ ಹುಡುಗಿ ಬರ್ತಾಳೆ ಎಂದರು. ಕುಕ್ಕೆಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು.

ಬಸ್ಸಿಗೆ ಕಾಯುವಾಗ ನನಗೆ ಮೇಷ್ಟ್ರ ಕಾಲಿಗೆ ಬೀಳಬೇಕೆನ್ನಿಸಿತ್ತು. ಮೇಷ್ಟ್ರು ಅತ್ತಿತ್ತ ನೋಡಿ, "ಟೀಚರ್, ಈಗ ಹೇಳಿದ್ದು ಸ್ಕೂಲಲ್ಲಿ ಯಾರ್ಗೂ ಗೊತ್ತಾಗೋದು ಬೇಡ," ಎಂದರು.

ಅವರು ಇರುವವರೆಗೂ ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಯಾರಾದರೂ ಕೇಳಿದರೆ, ಅವರು ಒಂದು ತಪ್ಪೂ ಮಾಡಿದವರಲ್ಲ ಎಂದೇ ಹೇಳುತ್ತೇನೆ.